ನಿಮ್ಮ ಹೋಟೆಲಿನ ಲಾಂಛನದ ಮೂಲ ಫೈಲ್ ಯಾರ ಬಳಿ ಇದೆ?



ಠಾಣೆಯಲ್ಲಿ ನಾವು ಎರಡನೆಯ ಶಾಖೆ ತೆರೆದಾಗ ಅಡುಗೆಮನೆ, ಲೈಸೆನ್ಸು, ಕೆಲಸದ ಹುಡುಗರು ಎಲ್ಲವೂ ಸಿದ್ಧವಿತ್ತು. ಕೈಕೊಟ್ಟದ್ದು ಬೋರ್ಡು. ನಮ್ಮ ಲಾಂಛನವಾದ ದೀಪದ ಅಂಚು ಮೆಟ್ಟಿಲು ಮೆಟ್ಟಿಲಾಗಿ, ಹೆಸರು ಮಸುಕಾಗಿ ಬಂದಿತ್ತು. ಪೂಜೆಗೆ ಎರಡೇ ದಿನ. ತಪ್ಪು ಬೋರ್ಡಿನವರದಲ್ಲ, ನಾವು ಕೊಟ್ಟದ್ದೇ ಮೊಬೈಲಿನಲ್ಲಿದ್ದ ಚಿಕ್ಕ ಚಿತ್ರ. ಮೂಲ ಫೈಲ್ ಮಾಡಿದ್ದ ಮುದ್ರಕರು ಅಂಗಡಿ ಮುಚ್ಚಿ ವರ್ಷಗಳಾಗಿದ್ದವು. ಒಂದು ಬೋರ್ಡಿಗೆ ಎರಡು ಸಲ ಹಣ ತೆತ್ತೆವು. ಆಗ ಕಲಿತ ಪಾಠವಿದು.

ಎರಡು ಬಗೆಯ ಚಿತ್ರಗಳು

ಜೆಪಿಜಿ, ಪಿಎನ್‌ಜಿ ಫೈಲುಗಳು ರಾಸ್ಟರ್ ಚಿತ್ರಗಳು. ಪಿಕ್ಸೆಲ್ ಎಂಬ ಬಣ್ಣದ ಚೌಕಗಳನ್ನು ಸಾಲಾಗಿ ಜೋಡಿಸಿದಂತೆ ಇರುತ್ತವೆ. 300 ಪಿಕ್ಸೆಲ್ ಅಗಲದ ಚಿತ್ರ ವಿಸಿಟಿಂಗ್ ಕಾರ್ಡಿನಲ್ಲಿ ಒಂದು ಇಂಚಿಗೆ ಚೆನ್ನಾಗಿ ಕಾಣುತ್ತದೆ. ಅದನ್ನೇ 10 ಅಡಿಯ ಬೋರ್ಡಿಗೆ ಹಿಗ್ಗಿಸಿದರೆ ಒಂದೊಂದು ಚೌಕವೂ ಸುಮಾರು ಒಂದು ಸೆಂಟಿಮೀಟರ್ ಆಗುತ್ತದೆ.

ವೆಕ್ಟರ್ ಚಿತ್ರದಲ್ಲಿ ಚೌಕಗಳಿಲ್ಲ. ಗೆರೆ ಎಲ್ಲಿಂದ ಎಲ್ಲಿಗೆ, ಹೇಗೆ ಬಾಗಬೇಕು, ಒಳಗೆ ಯಾವ ಬಣ್ಣ ಎಂಬ ಲೆಕ್ಕವಿರುತ್ತದೆ. ನಮ್ಮ ಭಾಷೆಯಲ್ಲಿ ಹೇಳುವುದಾದರೆ, ಸಾಂಬಾರಿನ ಅಳತೆ ಗೊತ್ತಿದ್ದರೆ ಹತ್ತು ಜನಕ್ಕೂ ಸಾವಿರ ಜನಕ್ಕೂ ಅದೇ ರುಚಿ. ಹತ್ತು ಜನಕ್ಕೆ ಮಾಡಿದ ಸಾಂಬಾರಿಗೆ ನೀರು ಸುರಿದು ಸಾವಿರ ಜನಕ್ಕೆ ಬಡಿಸಲಾಗದು. 2001ರಲ್ಲಿ ಡಬ್ಲ್ಯು3ಸಿ ಸಂಸ್ಥೆ ಮಾನದಂಡವಾಗಿ ಒಪ್ಪಿದ ಎಸ್‌ವಿಜಿ ಇಂಥ ವೆಕ್ಟರ್ ಫೈಲ್.

ಪರಿವರ್ತಿಸುವ ಕ್ರಮ

1. ಇರುವುದರಲ್ಲಿ ದೊಡ್ಡ, ಸ್ಪಷ್ಟ ಚಿತ್ರವನ್ನೇ ಆರಿಸಿ. ಹಳೆಯ ಕಾರ್ಡು ಮಾತ್ರ ಇದ್ದರೆ 600 ಡಿಪಿಐಯಲ್ಲಿ ಸ್ಕ್ಯಾನ್ ಮಾಡಿಸಿ. ವಾಟ್ಸಾಪ್‌ನಲ್ಲಿ ಫೋಟೋ ಆಗಿ ಕಳಿಸಿದರೆ ಚಿತ್ರ ಕುಗ್ಗುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿ.

2. ಆನ್‌ಲೈನ್ ಪರಿವರ್ತಕ ತಾಣಕ್ಕೆ ಚಿತ್ರ ಏರಿಸಿ, ಬಣ್ಣಗಳ ಸಂಖ್ಯೆಯನ್ನು ಲಾಂಛನದಲ್ಲಿರುವಷ್ಟಕ್ಕೇ ಇಡಿ. ಎರಡು ಬಣ್ಣದ ದೀಪಕ್ಕೆ ಹದಿನಾರು ಬಣ್ಣ ಕೊಟ್ಟರೆ ಅಂಚಿನಲ್ಲಿ ಚೂರುಗಳು ಏಳುತ್ತವೆ.

3. ಬಂದ ಎಸ್‌ವಿಜಿಯನ್ನು ಬ್ರೌಸರಿನಲ್ಲಿ ತೆರೆದು ಐದು ಪಟ್ಟು ಹಿಗ್ಗಿಸಿ. ಚೌಕಗಳು ಕಂಡರೆ ಹಳೆಯ ಚಿತ್ರವನ್ನೇ ಹೊಸ ಹೆಸರಿನ ಫೈಲಿನೊಳಗೆ ತುಂಬಿದ್ದಾರೆ ಎಂದರ್ಥ. ಅದು ಕೆಲಸಕ್ಕೆ ಬಾರದು.

ತಾಣಕ್ಕೆ ಏರಿಸಲು ಮನಸ್ಸಿಲ್ಲದವರು ಉಚಿತ ತಂತ್ರಾಂಶ ಇಂಕ್‌ಸ್ಕೇಪ್ ಬಳಸಬಹುದು. ಅದರ ಪಾತ್ ಮೆನುವಿನ ಟ್ರೇಸ್ ಬಿಟ್‌ಮ್ಯಾಪ್ ಇದೇ ಕೆಲಸವನ್ನು ನಿಮ್ಮ ಕಂಪ್ಯೂಟರಿನಲ್ಲೇ ಮಾಡುತ್ತದೆ.

ಎಚ್ಚರಿಕೆಗಳು

ಅಕ್ಷರಗಳನ್ನು ಯಂತ್ರಕ್ಕೆ ಬಿಡಬೇಡಿ. ಕನ್ನಡದ ಒತ್ತಕ್ಷರ ಕೂಡಿಕೊಳ್ಳುತ್ತದೆ, ಮರಾಠಿ ಹೆಸರಿನ ಶಿರೋರೇಖೆ ಅಂಕುಡೊಂಕಾಗುತ್ತದೆ. ಹೆಸರನ್ನು ಹೊಸದಾಗಿ ಟೈಪ್ ಮಾಡಿಸಿ, ಕರ್ವ್ಸ್‌ಗೆ ಬದಲಿಸಿ ಸೇರಿಸಿ. ಆಗ ಬೋರ್ಡಿನವರ ಬಳಿ ಆ ಫಾಂಟ್ ಇಲ್ಲದಿದ್ದರೂ ಅಕ್ಷರ ಕೆಡದು. ಮೆನುವಿನ ಸಸ್ಯಾಹಾರಿ ಗುರುತನ್ನು ಪರಿವರ್ತಿಸುವ ಬದಲು ಹೊಸದಾಗಿಯೇ ಬರೆಯಿರಿ. ಹಸಿರು ಗೆರೆಯ ಚೌಕ, ಒಳಗೆ ತುಂಬಿದ ಹಸಿರು ವೃತ್ತ, ಅಷ್ಟೇ. ದೋಸೆ, ಊಟದ ತಟ್ಟೆಯ ಫೋಟೋಗಳಿಗೆ ಈ ಕ್ರಮ ಹೊಂದುವುದಿಲ್ಲ. ಅವು ರಾಸ್ಟರ್ ಆಗಿಯೇ ಇರಲಿ.

ಇಷ್ಟೆಲ್ಲ ಮಾಡುವ ಮೊದಲು ಲಾಂಛನ ಬರೆದುಕೊಟ್ಟವರನ್ನು ಒಮ್ಮೆ ಕೇಳಿ. ಅವರ ಬಳಿ ಕೋರೆಲ್‌ಡ್ರಾ ಫೈಲ್ ಇದ್ದರೆ ಪರಿವರ್ತನೆಯೇ ಬೇಡ. ಇನ್ನು ಮುಂದೆ ಹೊಸ ಲಾಂಛನ ಮಾಡಿಸುವಾಗ ಮೂಲ ಫೈಲ್ ಕೈಗೆ ಬಂದ ಮೇಲೆಯೇ ಕೊನೆಯ ಕಂತು ಕೊಡಿ. ಅದರ ಒಂದು ಪ್ರತಿಯನ್ನು ಈಮೇಲಿನಲ್ಲೂ ಇನ್ನೊಂದನ್ನು ಪೆನ್‌ಡ್ರೈವಿನಲ್ಲೂ ಇಡಿ. ಲೈಸೆನ್ಸಿನ ಕಾಗದಪತ್ರ ಬೀರುವಿನಲ್ಲಿ ಇಡುವ ನಾವು, ಗಿರಾಕಿ ನಮ್ಮನ್ನು ಗುರುತಿಸುವ ಲಾಂಛನವನ್ನು ಪರರ ಕಂಪ್ಯೂಟರಿನಲ್ಲಿ ಬಿಡುವುದು ಸರಿಯಲ್ಲ.