ಹೊಳೆಯ ಲೆಕ್ಕಕ್ಕೆ ಹೊಳೆಯೇ ಸಾಕ್ಷಿ

ಮಲೆನಾಡಿನಲ್ಲಿ ಹುಟ್ಟಿದ ವರದಾ ನದಿಯು ಹಾನಗಲ್ಲು, ಸವಣೂರು ಸೀಮೆಗಳ ನೀರನ್ನು ಕೂಡಿಸಿಕೊಂಡು ಗಳಗನಾಥದಲ್ಲಿ ತುಂಗಭದ್ರೆಯನ್ನು ಸೇರುತ್ತದೆ. ಬಿದ್ದ ಮಳೆಯಲ್ಲಿ ಎಷ್ಟು ಪಾಲು ಹೊಳೆಗೆ ಬಂದೀತು? ಇದನ್ನು ಮುಂದಾಗಿ ತಿಳಿಯಲು ಗಣಕಯಂತ್ರದಲ್ಲಿ ಜಲಾನಯನ ಪ್ರದೇಶದ ಗಣಿತರೂಪವನ್ನು ರಚಿಸುತ್ತಾರೆ.

ನೆಲದ ಗುಣವನ್ನು ಸೂಚಿಸುವ ಕೆಲವು ಅಂಕಿಗಳು ಆ ಗಣಿತಕ್ಕೆ ಆಧಾರ. ಅಮೆರಿಕದ ಮಣ್ಣು ಸಂರಕ್ಷಣಾ ಸಂಸ್ಥೆಯು 1954ರಲ್ಲಿ ಬಳಕೆಗೆ ತಂದ ‘ವಕ್ರರೇಖಾ ಸಂಖ್ಯೆ’ ಅಂಥದೊಂದು. ನೀರು ಬೇಗ ಇಂಗದ ಎರೆ ನೆಲಕ್ಕೆ ಅದು ಹೆಚ್ಚು, ಮಸಾರಿಗೆ ಕಡಿಮೆ. ಒಂದು ದಿನ 100 ಮಿಲಿಮೀಟರು ಮಳೆಯಾಯಿತೆನ್ನೋಣ. ಸಂಖ್ಯೆಯನ್ನು 75 ಎಂದು ಹಿಡಿದರೆ ಹರಿದುಹೋಗುವ ನೀರು 41 ಮಿಲಿಮೀಟರು; 85 ಎಂದರೆ 61. ಹತ್ತಂಕಿಯ ತಪ್ಪಿನಿಂದ ಹರಿವಿನ ಅಂದಾಜು ಸುಮಾರು ಒಂದೂವರೆ ಪಟ್ಟಾಗುವುದು!

ಆದುದರಿಂದ ಹೊಳೆಯನ್ನೇ ಸಾಕ್ಷಿಗೆ ಕರೆಯಬೇಕು. ವರದೆಯ ಹರಿವನ್ನು ಕೇಂದ್ರ ಜಲ ಆಯೋಗವು ಮರೋಳದಲ್ಲಿ ಅಳೆಯುತ್ತದೆ. ಗಣಿಸಿದ ಹರಿವು ಅಳೆದ ಹರಿವಿಗೆ ಸಮೀಪಿಸುವ ತನಕ ಅಂಕಿಗಳನ್ನು ತಿದ್ದುವುದೇ ‘ಹೊಂದಾಣಿಕೆ’. ನ್ಯಾಶ್ ಮತ್ತು ಸಟ್‌ಕ್ಲಿಫ್ 1970ರಲ್ಲಿ ಇದಕ್ಕೊಂದು ಒರೆಗಲ್ಲನ್ನು ಕೊಟ್ಟರು: ಪೂರ್ಣ ಹೊಂದಿಕೆಗೆ 1, ಬರಿಯ ಸರಾಸರಿಗಿಂತ ಮೇಲಲ್ಲದ ಲೆಕ್ಕಕ್ಕೆ 0.

ಆದರೆ ಹೊಂದಿಕೆಯೇ ಸತ್ಯವಲ್ಲ. ಹಾನಗಲ್ಲಿನಲ್ಲಿ ಹೆಚ್ಚು ಇಂಗಿಸಿ, ಸವಣೂರಿನಲ್ಲಿ ಕಡಿಮೆ ಇಂಗಿಸಿದರೂ ಕೊನೆಯ ಮೊತ್ತ ಸರಿಬರಬಹುದು. ಎರಡು ತಪ್ಪುಗಳು ಕೂಡಿ ಒಂದು ಸರಿ ಉತ್ತರ! ಇದನ್ನು ಬಯಲಿಗೆಳೆಯಲು ಕೆಲವು ವರ್ಷಗಳ ಅಳತೆಯನ್ನು ಲೆಕ್ಕಕ್ಕೆ ತೋರಿಸದೆ ಬಚ್ಚಿಟ್ಟು, ಬಳಿಕ ಅದರಿಂದಲೇ ಪರೀಕ್ಷಿಸಬೇಕು. ಹಿರೇಕೆರೂರಿನ ಕುಮುದ್ವತಿಗೆ ಮದಗದ ಕೆರೆಯ ಅಡ್ಡಿಯಿದೆ; ವರದೆಯ ಅಂಕಿ ಅಲ್ಲಿಗೆ ಸಲ್ಲದು.

2019ರ ಆಗಸ್ಟಿನಲ್ಲಿ ವರದೆಯು ದಡ ಮೀರಿ ಊರು ಹೊಲಗಳಿಗೆ ನುಗ್ಗಿತು. ಸಾಧಾರಣ ವರ್ಷಗಳಿಗೆ ಮಾತ್ರ ಒಪ್ಪಿದ ಲೆಕ್ಕವು ಅಂಥ ದಿನ ಕೈಕೊಟ್ಟರೆ, ತೆರಬೇಕಾದವರು ದಡದ ಜನ.