ಪ್ರೆಸ್ಟನ್ನಿನ ಪ್ಲಂಬರ್ ಟಾಮ್ ಫಿನ್ನಿ

ಫುಟ್ಬಾಲಿನಲ್ಲಿ ಮೈದಾನದ ಅಂಚಿನ ಗೆರೆ ಹಿಡಿದು ಚೆಂಡು ಒಯ್ದು, ನಡುವಿನವರಿಗೆ ಗೋಲು ಹೊಡೆಯಲು ಹಾಕಿಕೊಡುವವರಿಗೆ ವಿಂಗರ್ ಅಂತಾರೆ. ಎರಡನೇ ಮಹಾಯುದ್ಧದ ನಂತರ ಇಂಗ್ಲೆಂಡಿನಲ್ಲಿ ಇಂಥ ಇಬ್ಬರು ಬಹಳ ಹೆಸರಾದರು: ಸ್ಟ್ಯಾನ್ಲಿ ಮ್ಯಾಥ್ಯೂಸ್ ಮತ್ತು ಟಾಮ್ ಫಿನ್ನಿ. ನನ್ನ ಓಟು ಫಿನ್ನಿಗೆ.

ಇವರು ಹುಟ್ಟಿದ್ದು 1922ರಲ್ಲಿ, ಹತ್ತಿ ಗಿರಣಿಗಳ ಊರಾದ ಪ್ರೆಸ್ಟನ್ನಿನಲ್ಲಿ. ಊರಿನ ತಂಡ ಪ್ರೆಸ್ಟನ್ ನಾರ್ತ್ ಎಂಡ್ ಹುಡುಗನನ್ನು ಕರೆದಾಗ ಅಪ್ಪ, ಮೊದಲು ಕೈಕಸುಬು ಕಲಿ ಎಂದು ಪಟ್ಟು ಹಿಡಿದರು. ಹುಡುಗ ನಲ್ಲಿ, ಪೈಪು ಜೋಡಿಸುವ ಕೆಲಸ ಕಲಿತ. ಹುಟ್ಟಾ ಎಡಗಾಲಿನವನು, ಅಭ್ಯಾಸ ಮಾಡಿ ಮಾಡಿ ಬಲಗಾಲನ್ನೂ ಪಳಗಿಸಿದ. ಅದಕ್ಕೇ ಮುಂದೆ ಎರಡೂ ಅಂಚಿನಲ್ಲಿ, ನಡುವಿನಲ್ಲೂ ಆಡಲು ಆಯ್ತು. ಅಷ್ಟರಲ್ಲಿ ಯುದ್ಧ ಬಂತು. ಈಜಿಪ್ಟ್, ಇಟಲಿಗಳಲ್ಲಿ ಸೈನಿಕರಾಗಿದ್ದು ಬಂದು, 1946ರಲ್ಲಿ ಲೀಗಿನ ಮೊದಲ ಪಂದ್ಯ ಆಡುವಾಗ ವಯಸ್ಸು 24.

1952-53ರಲ್ಲಿ ಪ್ರೆಸ್ಟನ್, ಆರ್ಸೆನಲ್ ಎರಡಕ್ಕೂ 54 ಅಂಕ. ಆಗಿನ ನಿಯಮದಂತೆ ಹೊಡೆದ ಗೋಲನ್ನು ಬಿಟ್ಟುಕೊಟ್ಟ ಗೋಲಿನಿಂದ ಭಾಗಿಸಬೇಕು. ಆರ್ಸೆನಲ್ 97, 64; ಪ್ರೆಸ್ಟನ್ 85, 60. ನೀವೇ ಭಾಗಾಕಾರ ಮಾಡಿ ನೋಡಿ. ಒಂದರ ಹತ್ತನೇ ಭಾಗದಷ್ಟೂ ವ್ಯತ್ಯಾಸವಿಲ್ಲ, ಕಪ್ಪು ಹೋಯ್ತು! 1954ರ ಎಫ್.ಎ. ಕಪ್ ಫೈನಲ್ಲಿನಲ್ಲೂ 3-2ರಿಂದ ಸೋಲು. ಆದರೂ ಫಿನ್ನಿ 1954, 1957ರಲ್ಲಿ ವರ್ಷದ ಆಟಗಾರರಾದರು. ಇಂಗ್ಲೆಂಡ್ ಪರ 76 ಪಂದ್ಯ, 30 ಗೋಲು.

ಮುಖ್ಯ ಸಂಗತಿ 1952ರದು. ಇಟಲಿಯ ಪಲೆರ್ಮೊ ಕ್ಲಬ್ಬು ಸಹಿ ಹಾಕಿದರೆ 10,000 ಪೌಂಡು, ಜೊತೆಗೆ ಸಂಬಳ, ಬಂಗಲೆ, ಕಾರು ಕೊಡುತ್ತೇವೆ ಅಂತು. ಇಂಗ್ಲೆಂಡಿನಲ್ಲೋ ಆಟಗಾರರ ಸಂಬಳಕ್ಕೆ ಮಿತಿ ಇತ್ತು. 1958ರಲ್ಲಿ ಏರಿಸಿದ ಮೇಲೂ ವಾರಕ್ಕೆ 20 ಪೌಂಡೇ. ವರ್ಷಪೂರ್ತಿ ಕೊಟ್ಟರೂ 1,040 ಆಗುತ್ತದೆ. ಪ್ರೆಸ್ಟನ್ ಕ್ಲಬ್ಬು ಬಿಡಲಿಲ್ಲ. ಕ್ಲಬ್ಬು ಬಿಡದೆ ಆಟಗಾರ ಬೇರೆಡೆ ಹೋಗುವ ಹಾಗಿರಲಿಲ್ಲ. ಫಿನ್ನಿಯವರ ಊರಿನ ನಿಷ್ಠೆಯನ್ನು ಎಲ್ಲರೂ ಹೊಗಳುತ್ತಾರೆ. ನಿಷ್ಠೆ ಇತ್ತು, ಸುಳ್ಳಲ್ಲ. ಆದರೆ ತೀರ್ಮಾನ ಅವರ ಕೈಲಿ ಎಲ್ಲಿತ್ತು? ಅಷ್ಟು ದೊಡ್ಡ ಆಟಗಾರ ಪ್ಲಂಬಿಂಗ್ ವ್ಯಾಪಾರವನ್ನೂ ನಡೆಸುತ್ತಲೇ ಆಡಬೇಕಾಯ್ತು. ಅಪ್ಪ ಕಲಿಸಿದ ಕಸುಬು ಕೈಹಿಡಿಯಿತು ಅನ್ನಿ.

ಲೀಗಿನಲ್ಲಿ ಒಂದೇ ತಂಡಕ್ಕೆ 433 ಪಂದ್ಯ ಆಡಿ, 187 ಗೋಲು ಹೊಡೆದು 1960ರಲ್ಲಿ ನಿವೃತ್ತರಾದರು. ಮರುವರ್ಷವೇ ತಂಡ ಎರಡನೇ ದರ್ಜೆಗೆ ಇಳಿಯಿತು. 1998ರಲ್ಲಿ ಅವರಿಗೆ 'ಸರ್' ಪದವಿ ಬಂತು, 2014ರಲ್ಲಿ ತೀರಿಕೊಂಡರು. ಸಂಬಳದ ಆ ಮಿತಿಯನ್ನು ತೆಗೆದುಹಾಕಿದ್ದು 1961ರ ಜನವರಿಯಲ್ಲಿ, ಫಿನ್ನಿ ಬೂಟು ಬಿಚ್ಚಿಟ್ಟು ವರ್ಷ ತುಂಬುವ ಮೊದಲೇ.