ಹೊಳೆಗೆ ಎಸೆದದ್ದು ಯಾರ ಅಂಗಳ ಸೇರುತ್ತದೆ?

ವುಝೂ ಮಾಡುವಾಗ ಮೊಣಕೈಯ ಒಂದಿಷ್ಟು ಭಾಗ ಒಣಗಿ ಉಳಿಯಿತೇ ಎಂದು ನಾವು ಎರಡೆರಡು ಬಾರಿ ನೋಡಿಕೊಳ್ಳುತ್ತೇವೆ. ಶುದ್ಧಿಯು ವಿಶ್ವಾಸದ ಭಾಗವೆಂದು ಮಕ್ಕಳಿಗೆ ಮದ್ರಸದ ಮೊದಲ ತರಗತಿಯಲ್ಲೇ ಕಲಿಸುತ್ತೇವೆ. ಆದರೆ ನಮ್ಮ ಮನೆ ಶುದ್ಧವಾಗಲೆಂದು ಹೊರಗೆಸೆದ ಕಸ ಯಾರ ಅಂಗಳವನ್ನು ಸೇರುತ್ತದೆಂದು ಎಂದಾದರೂ ಯೋಚಿಸಿದ್ದೇವೆಯೇ?

ಇಂಡೋನೇಶ್ಯದ ಓರ್ವ ಬಾಲಕಿ ಈ ಪ್ರಶ್ನೆಯನ್ನು ಜಗತ್ತಿನ ಮುಂದಿಟ್ಟಳು. ಅವಳ ಹೆಸರು ಏಶ್ನೀನಾ ಅಝ್ಝಹ್ರಾ. ಪೂರ್ವ ಜಾವಾದ ಗ್ರೆಸಿಕ್ ಜಿಲ್ಲೆಯವಳು. ಆ ಪ್ರದೇಶದಲ್ಲಿ ಬ್ರಾಂಟಾಸ್ ನದಿ ಹರಿಯುತ್ತದೆ. ಅಲ್ಲಿನ ಕಾಗದದ ಕಾರ್ಖಾನೆಗಳು ಕಚ್ಚಾವಸ್ತುವಾಗಿ ವಿದೇಶಗಳಿಂದ ಹಳೆಯ ಕಾಗದವನ್ನು ತರಿಸುತ್ತವೆ. ಅದರೊಂದಿಗೆ ಶ್ರೀಮಂತ ದೇಶಗಳ ಪ್ಲಾಸ್ಟಿಕ್ ಕಸವೂ ಬೆರೆತು ಬರುತ್ತಿತ್ತು. 2018ರಲ್ಲಿ ಚೀನಾವು ಇಂತಹ ಕಸಕ್ಕೆ ಬಾಗಿಲು ಮುಚ್ಚಿದಾಗ ಅದು ಇನ್ನಷ್ಟು ಪ್ರಮಾಣದಲ್ಲಿ ಆಗ್ನೇಯ ಏಷ್ಯಾದ ಕಡೆಗೆ ತಿರುಗಿತು. ಟ್ರೊಪೊಡೊ ಎಂಬ ಹಳ್ಳಿಯಲ್ಲಿ ತೋಫು ತಯಾರಿಸುವವರು ಈ ಪ್ಲಾಸ್ಟಿಕನ್ನು ಸೌದೆಯಂತೆ ಒಲೆಗೆ ಹಾಕಿ ಉರಿಸುತ್ತಿದ್ದರು. 2019ರಲ್ಲಿ ಅಲ್ಲಿನ ಕೋಳಿಮೊಟ್ಟೆಗಳನ್ನು ಪರೀಕ್ಷಿಸಿದಾಗ ಅವುಗಳಲ್ಲಿ ಡಯಾಕ್ಸಿನ್ ಎಂಬ ಘೋರ ವಿಷವು ಪತ್ತೆಯಾಯಿತು.

ಏಶ್ನೀನಾ ಹನ್ನೆರಡರ ಹರೆಯದಲ್ಲೇ ಅಮೆರಿಕ, ಜರ್ಮನಿ ಮತ್ತು ಆಸ್ಟ್ರೇಲಿಯಾದ ನಾಯಕರಿಗೆ ಪತ್ರ ಬರೆದು, ನಿಮ್ಮ ಕಸವನ್ನು ನಮ್ಮಲ್ಲಿಗೆ ಕಳುಹಿಸಬೇಡಿರೆಂದು ಕೇಳಿಕೊಂಡಳು. 2021ರಲ್ಲಿ, ಹದಿನಾಲ್ಕರ ಹರೆಯದಲ್ಲಿ, ಆಮ್‌ಸ್ಟರ್‌ಡಾಮ್‌ನ ಸಮ್ಮೇಳನವೊಂದರಲ್ಲಿ ಅದೇ ಮಾತನ್ನು ಹೇಳಿದಳು. ತನ್ನ ವಯಸ್ಸಿನ ಮಕ್ಕಳನ್ನು ನದಿಯ ಕಾವಲಿಗೆ ಸೇರಿಸಿದಳು. ಇಂತಹ ಅನೇಕರ ಕೂಗು ವ್ಯರ್ಥವಾಗಲಿಲ್ಲ. ಬೆರಕೆ ಪ್ಲಾಸ್ಟಿಕ್ ಕಸವನ್ನು ಪಡೆಯುವ ದೇಶದ ಒಪ್ಪಿಗೆಯಿಲ್ಲದೆ ಕಳುಹಿಸಬಾರದೆಂಬ ಅಂತಾರಾಷ್ಟ್ರೀಯ ನಿಯಮವು 2021ರಲ್ಲಿ ಜಾರಿಗೆ ಬಂತು.

ಆದರೆ ವಿಷಯ ಇಲ್ಲಿಗೇ ಮುಗಿಯುವುದಿಲ್ಲ. ಅದೇ ಬ್ರಾಂಟಾಸ್ ನದಿಯಲ್ಲಿ ಊರವರೇ ಎಸೆದ ಮಕ್ಕಳ ಡಯಾಪರ್‌ಗಳು ರಾಶಿರಾಶಿಯಾಗಿ ತೇಲುತ್ತಿದ್ದವು. ಅವುಗಳನ್ನು ಸುಟ್ಟರೆ ಮಗುವಿನ ಚರ್ಮವು ಬೆಂದಂತಾಗುತ್ತದೆಂಬ ಮೂಢನಂಬಿಕೆ ಅನೇಕರಲ್ಲಿತ್ತು. ತಮ್ಮ ಮಗುವಿಗೆ ಕೇಡಾಗದಿರಲೆಂದು ನದಿಗೆ ಎಸೆದರು. ಅದೇ ನದಿಯ ನೀರನ್ನು ಕೆಳಗಿನ ಸುರಬಾಯ ನಗರದ ಮಕ್ಕಳು ಕುಡಿಯಬೇಕಿತ್ತು! ಏಶ್ನೀನಾಳ ಹೆತ್ತವರ ಸಂಸ್ಥೆಯು ಆ ಡಯಾಪರ್‌ಗಳನ್ನು ನದಿಯಿಂದ ಎತ್ತಿ, ಜನರಿಗೆ ತಿಳುವಳಿಕೆ ನೀಡಲು ಶ್ರಮಿಸಿತು.

ಇದರಲ್ಲಿ ನಮಗೆ ಪಾಠವಿದೆ. ದೂರದ ಬಲಿಷ್ಠರ ತಪ್ಪನ್ನು ಎತ್ತಿ ತೋರಿಸಲು ಧೈರ್ಯ ಬೇಕು. ನಮ್ಮದೇ ಬೀದಿಯ ತಪ್ಪನ್ನು ಒಪ್ಪಿಕೊಳ್ಳಲು ಅದಕ್ಕಿಂತ ಹೆಚ್ಚಿನ ಧೈರ್ಯ ಬೇಕು. ಸ್ವತಃ ನಮಗೆ ಅಥವಾ ನಮ್ಮ ಹೆತ್ತವರಿಗೆ ವಿರುದ್ಧವಾದರೂ ಸರಿಯೇ, ನ್ಯಾಯದ ಪರ ಸಾಕ್ಷಿ ನಿಲ್ಲಬೇಕೆಂದು ಕುರ್‌ಆನ್ ಆದೇಶಿಸುತ್ತದೆ. ದಾರಿಯಿಂದ ತೊಂದರೆಯ ವಸ್ತುವನ್ನು ಸರಿಸುವುದನ್ನು ಪ್ರವಾದಿ(ಸ) ವಿಶ್ವಾಸದ ಶಾಖೆಗಳಲ್ಲಿ ಸೇರಿಸಿದರು. ಜನರು ನೀರಿಗೆ ಬರುವ ತಾಣ, ದಾರಿ ಮತ್ತು ನೆರಳನ್ನು ಹೊಲಸು ಮಾಡುವುದು ಶಾಪಕ್ಕೆ ಕಾರಣವೆಂದು ಎಚ್ಚರಿಸಿದರು. 2014ರಲ್ಲಿ ಇಂಡೋನೇಶ್ಯದ ಉಲಮಾ ಮಂಡಳಿಯು ಕಸದ ಬಗ್ಗೆಯೇ ಫತ್ವಾ ಹೊರಡಿಸಿ, ಪರಿಸರಕ್ಕೆ ಹಾನಿಯಾಗುವಂತೆ ಕಸ ಎಸೆಯುವುದು ನಿಷಿದ್ಧವೆಂದು ಸಾರಿತು.

ಹೈಸ್ಕೂಲಿನ ಮಕ್ಕಳು ಇಂತಹ ಮಾತೆತ್ತಿದಾಗ, "ಮೊದಲು ನಿನ್ನ ಪಾಠ ಓದು" ಎಂದು ಬಾಯಿ ಮುಚ್ಚಿಸುವವರಿದ್ದಾರೆ. ಓದು ಮುಖ್ಯವೇ, ಸಂಶಯವಿಲ್ಲ. ಆದರೆ ತನ್ನ ಜನರ ವಿಗ್ರಹಾರಾಧನೆಯನ್ನು ಪ್ರಶ್ನಿಸಿದಾಗ ಇಬ್ರಾಹೀಮ್(ಅ) ಓರ್ವ ಯುವಕನಾಗಿದ್ದರು. ಗುಹೆಯಲ್ಲಿ ಆಶ್ರಯ ಪಡೆದ ವಿಶ್ವಾಸಿಗಳೂ ಯುವಕರೇ. ಪ್ರವಾದಿವರ್ಯರು(ಸ) ಇಪ್ಪತ್ತು ತುಂಬದ ಉಸಾಮಾ(ರ)ರಿಗೆ ಸೇನೆಯ ನಾಯಕತ್ವವನ್ನು ವಹಿಸಿದ್ದರು.

ಆದ್ದರಿಂದ ಹೆತ್ತವರೇ, ನಿಮ್ಮ ಮಕ್ಕಳ ಪ್ರಶ್ನೆಗೆ ಕಿವಿಗೊಡಿರಿ. ಮದುವೆಯ ಔತಣದಲ್ಲಿ, ರಮಝಾನಿನ ಇಫ್ತಾರ್‌ನಲ್ಲಿ ಬಳಸಿ ಎಸೆಯುವ ತಟ್ಟೆಲೋಟಗಳೆಷ್ಟು, ಅವು ಕೊನೆಗೆ ಸೇರುವುದೆಲ್ಲಿ ಎಂದು ಅವರೇ ಲೆಕ್ಕ ಹಾಕಲಿ. ಆ ಲೆಕ್ಕವನ್ನು ಜಮಾಅತಿನ ಹಿರಿಯರ ಮುಂದಿಡಲು ಅವಕಾಶ ಕೊಡಿರಿ. ತೊಳೆದು ಬಳಸುವ ಪಾತ್ರೆಗಳನ್ನು ಮಸ್ಜಿದ್‌ಗೆ ಒದಗಿಸುವುದೂ ಒಂದು ಸದಕಾ. ಕಸ ಹೆಕ್ಕುವವರ ಕೈಗೆ ಗಾಜಿನ ಚೂರು, ಕೊಳೆತ ಅನ್ನ ಸಿಗದಂತೆ ಬೇರ್ಪಡಿಸಿ ಕೊಡುವುದನ್ನು ಮನೆಯಿಂದಲೇ ಆರಂಭಿಸಿರಿ. ಅವರೂ ಯಾರದೋ ತಾಯಿ, ಯಾರದೋ ಮಗ.

ವಿದ್ಯಾರ್ಥಿಗಳೇ, ನೀವು ಹಿರಿಯರೊಡನೆ ಮಾತನಾಡುವಾಗ ವಿನಯವನ್ನು ಬಿಡಬೇಡಿರಿ, ಸತ್ಯವನ್ನೂ ಬಿಡಬೇಡಿರಿ.

ಭೂಮಿಯು ನಮ್ಮ ಕೈಯಲ್ಲಿರುವ ಅಮಾನತ್ತು. ನಮ್ಮ ಅಂಗಳವನ್ನು ಗುಡಿಸಿ ನೆರೆಯವನ ಅಂಗಳಕ್ಕೆ ತಳ್ಳುವುದು ಶುದ್ಧಿಯಲ್ಲ, ಅದು ಅನ್ಯಾಯ. ಆ ಅಮಾನತ್ತಿನ ಬಗ್ಗೆ ನಾಳೆ ಉತ್ತರಿಸಬೇಕಾದವರು ನಾವೇ. ಅಲ್ಲಾಹನು ನಮ್ಮನ್ನೂ ನಮ್ಮ ಮಕ್ಕಳನ್ನೂ ನ್ಯಾಯದ ಹಾದಿಯಲ್ಲಿ ಅಚಲವಾಗಿ ನಿಲ್ಲಿಸಲಿ. ಆಮೀನ್.